ಹಾಲ್‌ನ ಒಂದು ಗೋಡೆಗೆ ಟೆಕ್ಸ್ಚರ್: ಮೆಟಾಲಿಕ್, ಪ್ಯಾನೆಲ್, ಸುಣ್ಣದ ಗಾರೆ – ಕರಾವಳಿ ಮನೆಗೆ ಯಾವುದು ಸರಿ?

ಕರಾವಳಿ_ಕಿಟಕಿ
ಎಲ್ಲರಿಗೂ ನಮಸ್ಕಾರ. ಕುಂದಾಪುರದ ಹತ್ತಿರ ಹೊಸ ಮನೆ. ಮುರಕಲ್ಲಿನ ಗೋಡೆ, ಒಳಗೂ ಹೊರಗೂ ಸಿಮೆಂಟ್ ಗಾರೆ. ಗಾರೆ ಮುಗಿದು ಎರಡು ತಿಂಗಳಾಯ್ತು, ಒಳಗೆ ಪುಟ್ಟಿ (ಬಣ್ಣಕ್ಕೆ ಮುಂಚೆ ಗೋಡೆ ನಯ ಮಾಡುವ ಲೇಪ) ಇನ್ನೂ ಹೊಡೆದಿಲ್ಲ. ಹಾಲ್‌ನಲ್ಲಿ ಟಿವಿ ಬರುವ ಗೋಡೆ 14 ಅಡಿ ಅಗಲ, 10 ಅಡಿ ಎತ್ತರ, ಪಡುಬದಿಯದ್ದು. ಅದೊಂದಕ್ಕೆ ಮಾತ್ರ ಟೆಕ್ಸ್ಚರ್ (ಡಿಸೈನ್ ಮೂಡಿಸಿದ ಮೇಲ್ಪದರ), ಉಳಿದದ್ದಕ್ಕೆ ಸಾದಾ ಎಮಲ್ಷನ್ ಬಣ್ಣ ಅಂತ ಯೋಚನೆ. ಅಂಗಡಿಯಲ್ಲಿ ಮೆಟಾಲಿಕ್ ಸ್ಪ್ಯಾಚುಲಾ ಡಿಸೈನ್ (ಲೋಹದ ಹೊಳಪಿನ ಬಣ್ಣವನ್ನು ಚಪ್ಪಟೆ ಪಟ್ಟಿಯಲ್ಲಿ ಮೆತ್ತುವುದು) ತೋರಿಸಿದರು. ಪೇಂಟರ್ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮಾಡಿ ಅದರ ಮೇಲೆ ಹೊಡೆಯುವ ಅಂತಾರೆ. ಇಂಟೀರಿಯರ್‌ನವರು ಚಾರ್ಕೋಲ್ ಪ್ಯಾನೆಲ್ ಅಂತಾರೆ. ಫಾಲ್ಸ್ ಸೀಲಿಂಗ್‌ನಿಂದ ಗೋಡೆಗೆ ಬೀಳುವ ಹಾಗೆ ಎಲ್‌ಇಡಿ ಸ್ಟ್ರಿಪ್ ಬರುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಮೇ ಕೊನೆಯೊಳಗೆ ಮುಗಿಯಬೇಕು. ಏನು ಮಾಡುವುದು?

ಸ್ಪಂಜು_ಬಕೆಟ್
ಮೆಟಾಲಿಕ್ ತಗೊಳ್ಳಿ, ಹಾಲ್‌ಗೆ ಕಳೆ ಬರುತ್ತೆ. ಸ್ಪ್ಯಾಚುಲಾಗಿಂತ ಬಟ್ಟೆ ಮುದ್ದೆಯಲ್ಲಿ ಒತ್ತುವ ರ‍್ಯಾಗಿಂಗ್ ಚೆನ್ನ.

ತೂಗುಗುಂಡು
ಡಿಸೈನ್ ಆಮೇಲೆ ನೋಡೋಣ. ಪಡು ಗೋಡೆ, ಮುರಕಲ್ಲು, ಕುಂದಾಪುರ ಅಂದ ಮೇಲೆ ಮೊದಲ ಪ್ರಶ್ನೆ ನೀರಿನದ್ದು. ಅಲ್ಲಿ ಮಳೆ ನೈಋತ್ಯದಿಂದ ಗಾಳಿ ಜೊತೆ ಬಂದು ಅಡ್ಡಕ್ಕೆ ಬಡಿಯುತ್ತೆ. ಮುರಕಲ್ಲು ತೂತು ತೂತಿನ ಕಲ್ಲು. ಹೊರಗಾರೆಯಲ್ಲಿ ಕೂದಲೆಳೆ ಬಿರುಕಿದ್ದರೂ ನೀರನ್ನು ಒಳಕ್ಕೆ ಎಳ್ಕೊಳ್ಳುತ್ತೆ. ಆ ತೇವ ಒಳಬದಿಗೆ ಬರುವಾಗ ಗಾರೆಯಲ್ಲಿರುವ ಉಪ್ಪನ್ನೂ ಕರಗಿಸಿ ತರುತ್ತೆ, ಮೇಲೆ ಬಂದು ಒಣಗಿದಾಗ ಉಪ್ಪು ಹರಳುಗಟ್ಟಿ ಬಣ್ಣವನ್ನು ಎತ್ತಿ ಬಿಡುತ್ತೆ. ಸಾದಾ ಎಮಲ್ಷನ್ ಆದರೆ ಕೆರೆದು ಆ ಭಾಗಕ್ಕೆ ಮತ್ತೆ ಹೊಡೀಬಹುದು. ಟೆಕ್ಸ್ಚರ್ ಅಂಗೈಯಗಲ ಉಬ್ಬಿದರೂ ಮೂಲೆಯಿಂದ ಮೂಲೆಗೆ ಇಡೀ ಗೋಡೆ ಮತ್ತೆ ಮಾಡಬೇಕು. ತೇಪೆ ಕಾಣದ ಹಾಗೆ ಯಾವ ಪೇಂಟರಿಂದಲೂ ಆಗಲ್ಲ.

ಆ ಗೋಡೆಯ ಹೊರಗಡೆ ಏನಿದೆ? ವರಾಂಡ, ಶೀಟಿನ ಮಾಡು ಏನಾದರೂ ಇದೆಯಾ?

ಕರಾವಳಿ_ಕಿಟಕಿ
ಏನೂ ಇಲ್ಲ, ಬರೀ ಗೋಡೆ. ಮೇಲೆ ಸ್ಲ್ಯಾಬ್ ಒಂದೂವರೆ ಅಡಿ ಹೊರಗೆ ಚಾಚಿದೆ ಅಷ್ಟೆ. ಹೊರಗೆ ಪ್ರೈಮರ್ ಮಾತ್ರ ಹೊಡೆದದ್ದು. ತೇವ ಇದೆಯೋ ಇಲ್ಲವೋ ಅಂತ ನೋಡುವುದು ಹೇಗೆ?

ಸಿವಿಲ್_ಲೆಕ್ಕ
18 ಇಂಚು ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಗೊಂಡು ಗೋಡೆಗೆ ನಾಲ್ಕೂ ಅಂಚು ಗಾಳಿಯಾಡದ ಹಾಗೆ ಟೇಪ್ ಹಾಕಿ ಅಂಟಿಸಿ. ಒಂದು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಕೂತಿದ್ದರೆ, ಅಥವಾ ಹಾಳೆಯ ಕೆಳಗಿನ ಗಾರೆ ಸುತ್ತಲಿಗಿಂತ ಕಪ್ಪಾಗಿದ್ದರೆ ಗೋಡೆ ಒಣಗಿಲ್ಲ ಅಂತ ಅರ್ಥ. ಒಂದೇ ಕಡೆ ಸಾಲದು. ನೆಲದಿಂದ ಒಂದು ಅಡಿ ಮೇಲೆ ಒಂದು, ಎದೆ ಮಟ್ಟದಲ್ಲಿ ಒಂದು, ಸೀಲಿಂಗ್ ಹತ್ತಿರ ಒಂದು ಹಾಕಿ. ಕೆಳಗಿನದ್ದು ಮಾತ್ರ ಬೆವರಿದರೆ ತಳಪಾಯದಿಂದ ತೇವ ಏರುತ್ತಿದೆ. ಮೇಲಿನದ್ದು ಮಾತ್ರ ಬೆವರಿದರೆ ಸ್ಲ್ಯಾಬ್ ಸಂದು ನೋಡಬೇಕು. ಸಿಮೆಂಟ್ ಗಾರೆಗೆ ಕನಿಷ್ಠ 28 ದಿನ ಬೇಕು, ನಿಮ್ಮದು ಎರಡು ತಿಂಗಳಾಗಿದೆ, ಬಹುಶಃ ಪಾಸಾಗುತ್ತೆ.

ತೂಗುಗುಂಡು
@ಸಿವಿಲ್_ಲೆಕ್ಕ ಸರ್, ಪರೀಕ್ಷೆ ಸರಿ, ಆದರೆ ಅರ್ಧ ಮಾತ್ರ. ಬೇಸಿಗೆಯಲ್ಲಿ ಪಾಸಾದರೆ ಕಟ್ಟುವಾಗಿನ ನೀರು ಹೋಗಿದೆ ಅಂತ ಮಾತ್ರ ಗೊತ್ತಾಗುತ್ತೆ. ಜುಲೈನಲ್ಲಿ ಹೊರಗಿನಿಂದ ಬರುವ ನೀರಿನ ಬಗ್ಗೆ ಅದು ಏನೂ ಹೇಳಲ್ಲ. ಅದಕ್ಕೆ ಹೊರಗಡೆಯಿಂದ ಪೈಪ್ ಹಿಡಿದು ಸ್ಲ್ಯಾಬ್ ಕೆಳಗಿಂದ ಶುರು ಮಾಡಿ ಇಡೀ ಗೋಡೆಗೆ ಒಂದು ಗಂಟೆ ನೀರು ಬಿಡಬೇಕು. ಕಿಟಕಿ ಚೌಕಟ್ಟಿನ ಸುತ್ತ, ಕಂಬ ಮತ್ತು ಗೋಡೆ ಸೇರುವ ಗೆರೆ, ಪೈಪ್ ತೂರಿಸಿದ ಜಾಗ ಇವುಗಳ ಮೇಲೆ ಹೆಚ್ಚು ಹೊತ್ತು ಬಿಡಿ. ಒಳಗೆ ಆವತ್ತು, ಮರುದಿನ ಎರಡೂ ದಿನ ನೋಡಿ. ಪುಟ್ಟಿ ಹೊಡೆಯದ ಗಾರೆಯಲ್ಲಿ ತೇವ ತಕ್ಷಣ ಕಪ್ಪಗೆ ಕಾಣುತ್ತೆ, ಹಾಗಾಗಿ ಪರೀಕ್ಷೆಗೆ ಇದೇ ಸರಿಯಾದ ಸಮಯ.

ನನ್ನ ಮಾತು ಕೇಳಿದರೆ ಈ ಗೋಡೆಗೆ ಈ ವರ್ಷ ಟೆಕ್ಸ್ಚರ್ ಬೇಡ. ಪ್ರೈಮರ್, ಒಂದು ಕೋಟ್ ಸಾದಾ ಬಣ್ಣ ಹಾಕಿ ಒಂದು ಮಳೆಗಾಲ ಕಳೆಯಲಿ. ಡಿಸೆಂಬರ್‌ನಲ್ಲಿ ಮಾಡಿಸಿ.

ಬಣ್ಣದಂಗಡಿ
ಎಲ್ಲರಿಗೂ ಡಿಸೆಂಬರ್‌ವರೆಗೆ ಕಾಯೋಕೆ ಆಗಲ್ಲ ಅಣ್ಣ, ಮನೆ ಒಕ್ಕಲು ಇರುತ್ತೆ, ನೆಂಟರು ಬರ್ತಾರೆ. ಹೊರಗಡೆ ಸರಿಯಾಗಿ ಕಟ್ಟಿದರೆ ಒಳಗೆ ಧೈರ್ಯವಾಗಿ ಮಾಡಬಹುದು. ಬಿರುಕನ್ನು ವಿ ಆಕಾರಕ್ಕೆ ಕೆತ್ತಿ ಅಕ್ರಿಲಿಕ್ ಫಿಲ್ಲರ್ ತುಂಬಿ, ಅದರ ಮೇಲೆ ಎಳೆದರೆ ಹಿಗ್ಗುವ ಎಲಾಸ್ಟೋಮೆರಿಕ್ ಹೊರಬಣ್ಣ ಎರಡು ಕೋಟ್. ಎರಡನೇ ಕೋಟ್ ಮೊದಲನೆಯದ್ದಕ್ಕೆ ಅಡ್ಡಡ್ಡ ಎಳೆಯಬೇಕು, ಆಗ ಸೂಜಿ ತೂತುಗಳೂ ಮುಚ್ಚುತ್ತವೆ. ಕೋಟ್ ತೆಳು ಮಾಡೋಕೆ ನೀರು ಜಾಸ್ತಿ ಹಾಕಿದರೆ ಅದರ ಗುಣವೇ ಹೋಯ್ತು.

ಹಂಚಿನ_ಮಾಡು
ಗೋಡೆ ಬದಲಿಸಿ ಮಾರಾಯ್ರೆ! ಹೊರಗಿನ ಗೋಡೆಗೇ ಯಾಕೆ ಟೆಕ್ಸ್ಚರ್? ಹಾಲ್‌ಗೆ ಒಂದಾದರೂ ಒಳಗೋಡೆ ಇರುತ್ತದಲ್ಲ, ಆಚೆ ಕಡೆ ಬೆಡ್‌ರೂಮ್ ಇರುವಂಥದ್ದು. ಅದಕ್ಕೆ ಮಾಡಿ. ಮಳೆಯ ಸಂಬಂಧವೇ ಇಲ್ಲ.

ತೂಗುಗುಂಡು
+1. ಇದು ಎಲ್ಲಕ್ಕಿಂತ ಒಳ್ಳೆಯ ಸಲಹೆ. ಆಚೆ ಬಾತ್‌ರೂಮ್ ಇಲ್ಲ ಅಂತ ಮಾತ್ರ ಖಾತ್ರಿ ಮಾಡ್ಕೊಳ್ಳಿ.

ಕರಾವಳಿ_ಕಿಟಕಿ
ಮೂಡುಬದಿಗೆ ಒಂದು ಒಳಗೋಡೆ ಇದೆ, ಆಚೆ ಬೆಡ್‌ರೂಮ್. ಅಗಲ 12 ಅಡಿ. ಅಲ್ಲಿ ಸೋಫಾ ಬರುತ್ತದೆ. ಟಿವಿಗೆ ವೈರಿಂಗ್ ಎಲ್ಲ ಪಡುಬದಿಗೇ ಆಗಿದೆ. ಟಿವಿ ಹಿಂದೆ ಏನೂ ಇಲ್ಲದಿದ್ದರೆ ಬೋಳು ಬೋಳು ಕಾಣುವುದಿಲ್ಲವೇ?

ಒಳಾಂಗಣ_ರೇಖೆ
ಕಾಣಲ್ಲ. ಟಿವಿ ಹಿಂದೆ ಮೆಟಾಲಿಕ್ ಹಾಕೋದೇ ತಪ್ಪು ಆಯ್ಕೆ. ಪರದೆಯ ಬೆಳಕು, ಎದುರು ಕಿಟಕಿಯ ಬೆಳಕು ಎರಡೂ ಆ ಹೊಳಪಿನ ಮೇಲೆ ಬಿದ್ದು ಕಣ್ಣಿಗೆ ಚುಚ್ಚುತ್ತೆ. ಟಿವಿ ಗೋಡೆಗೆ ಹೊಳಪಿಲ್ಲದ, ಸ್ವಲ್ಪ ಗಾಢವಾದ ಸಾದಾ ಬಣ್ಣ ಸಾಕು.

ಎಲ್‌ಇಡಿ ಸ್ಟ್ರಿಪ್ ವಿಷಯಕ್ಕೆ ಹೆಚ್ಚು ಗಮನ ಕೊಡಿ. ಸ್ಟ್ರಿಪ್ ಗೋಡೆಗೆ ಮೂರ್ನಾಲ್ಕು ಇಂಚು ಹತ್ತಿರ ಇದ್ದರೆ ಬೆಳಕು ಗೋಡೆಯನ್ನು ಸವರಿಕೊಂಡು ಇಳಿಯುತ್ತೆ, ಕರಣೆಯ ಒಂದೊಂದು ಗೀರೂ ನೆರಳು ಬಿಡುತ್ತೆ. ಒರಟು ಟೆಕ್ಸ್ಚರ್‌ಗೆ ಅದು ಬೇಕು, ಅದರ ಚಂದವೇ ಆ ನೆರಳು. ನಯವಾದ ಗೋಡೆಗೆ ಅದು ಶತ್ರು, ಪುಟ್ಟಿಯ ಏರುತಗ್ಗೆಲ್ಲ ಬಯಲಾಗುತ್ತೆ. ಹಾಗಾಗಿ ಸ್ಟ್ರಿಪ್ಪನ್ನು ಸೋಫಾ ಗೋಡೆ ಕಡೆ ತನ್ನಿ, ಟಿವಿ ಗೋಡೆ ಕಡೆಯದ್ದನ್ನು ಬಿಡಿ ಅಥವಾ ಒಂದು ಅಡಿ ದೂರ ಸರಿಸಿ. ಫಾಲ್ಸ್ ಸೀಲಿಂಗ್ ಚೌಕಟ್ಟು ಹೊಡೆಯುವ ಮೊದಲು ಇದು ತೀರ್ಮಾನವಾಗಬೇಕು.

ಸ್ಪಂಜು_ಬಕೆಟ್
ಸೋಫಾ ಹಿಂದೆ ಟೆಕ್ಸ್ಚರ್ ಹಾಕಿದರೆ ತಲೆ ಎಣ್ಣೆ ಕಲೆ ಆಗುತ್ತೆ. ಅದನ್ನೂ ಹೇಳಿ.

ಒಳಾಂಗಣ_ರೇಖೆ
ನಿಜ. ಕೂತಾಗ ತಲೆ ತಾಗೋದು ಸುಮಾರು ಮೂರೂವರೆ ಅಡಿಯಲ್ಲಿ. ಸೋಫಾವನ್ನು ಗೋಡೆಯಿಂದ ನಾಲ್ಕು ಇಂಚು ಈಚೆ ಇಡಿ. ಅಥವಾ ಕೆಳಗಿನ ಮೂರೂವರೆ ಅಡಿ ತೊಳೆಯಬಹುದಾದ ಸಾದಾ ಬಣ್ಣ ಮಾಡಿ, ಒಂದು ಮರದ ಪಟ್ಟಿ ಹೊಡೆದು, ಮೇಲೆ ಮಾತ್ರ ಟೆಕ್ಸ್ಚರ್. ಮಕ್ಕಳ ಕ್ರೇಯಾನ್ ಗೀಚೂ ಆ ಎತ್ತರದೊಳಗೇ ಮುಗಿಯುತ್ತೆ.

ಎರೆಮಣ್ಣು
ಅಲ್ರೀ, ಪಿಒಪಿ ಬಗ್ಗೆ ಯಾರೂ ಮಾತಾಡವಲ್ರಿ. ಕರಾವಳಿ ಹವಾಕ್ಕ ಪಿಒಪಿ ಮಾಡ್ಸಬ್ಯಾಡ್ರಿ. ಅದು ಜಿಪ್ಸಮ್, ಹಸಿ ಹತ್ತಿದ್ರ ಮೆತ್ತಗಾಗಿ ಪುಡಿ ಪುಡಿ ಉದುರತೈತಿ. ತೇವ ಇರೋ ಸಿಮೆಂಟ್ ಗಾರಿ ಮ್ಯಾಲೆ ಜಿಪ್ಸಮ್ ಕೂಡ್ಸಿದ್ರ ನಡುವ ಅಂಟೂ ಬಿಡತೈತಿ. ವೈಟ್ ಸಿಮೆಂಟ್ ಪುಟ್ಟಿ ಹಾಕ್ಸ್ರಿ.

ಗಾರೆ_ಕರಣೆ
ಎರೆಮಣ್ಣು ಅವರು ಹೇಳಿದ್ದಕ್ಕೆ ಅಳತೆ ಸೇರಿಸ್ತೀನಿ. ವೈಟ್ ಸಿಮೆಂಟ್ ಪುಟ್ಟಿ ಎರಡು ಕೋಟ್ ಸೇರಿ ಒಂದೂವರೆ ಮಿಲಿಮೀಟರ್ ಮೀರಬಾರದು. ಗೋಡೆ ಡೊಂಕಾಗಿದೆ ಅಂತ ಪುಟ್ಟಿಯನ್ನೇ ಮೂರ್ನಾಲ್ಕು ಮಿಲಿಮೀಟರ್ ಕೂರಿಸ್ತಾರೆ, ಅದು ಹಾಳೆ ಹಾಳೆಯಾಗಿ ಏಳುತ್ತೆ. ಎಂಟು ಅಡಿ ಉದ್ದದ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ಗೋಡೆಗೆ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿ. ನಡುವೆ ಮೂರು ಮಿಲಿಮೀಟರಿಗಿಂತ ಜಾಸ್ತಿ ಸಂದು ಕಂಡರೆ ಮೊದಲು ದಪ್ಪ ಕೂರಿಸುವ ಲೆವೆಲಿಂಗ್ ಪುಟ್ಟಿಯಲ್ಲಿ ಮಟ್ಟ ಮಾಡಿ, ಆಮೇಲೆ ನಯವಾದದ್ದು.

ಪುಟ್ಟಿಗೆ ಮುಂಚೆ ಗೋಡೆಗೆ ನೀರು ಚಿಮುಕಿಸಲೇಬೇಕು. ಒಣ ಗಾರೆ ಪುಟ್ಟಿಯ ನೀರನ್ನು ಕುಡಿದುಬಿಡುತ್ತೆ, ಅದರಲ್ಲಿರೋ ಸಿಮೆಂಟ್ ಗಟ್ಟಿಯಾಗೋಕೆ ನೀರೇ ಉಳಿಯಲ್ಲ, ಕೈಯಲ್ಲಿ ಸವರಿದರೆ ಬಿಳಿ ಪುಡಿ ಬರುತ್ತೆ. ಕಲಸಿದ್ದು ಎರಡು ಗಂಟೆಯೊಳಗೆ ಖಾಲಿಯಾಗಬೇಕು. ಬಿಗಿದುಕೊಂಡ ಮೇಲೆ ಮತ್ತೆ ನೀರು ಹಾಕಿ ಕಲಸಿ ಹೊಡೆಯೋದನ್ನ ಒಪ್ಪಬೇಡಿ.

ಅಕ್ರಿಲಿಕ್ ಪುಟ್ಟಿ ಬೇರೆ ಸಾಮಾನು. ಅದಕ್ಕೆ ಗೋಡೆ ಒದ್ದೆ ಮಾಡಬಾರದು, ಒಳಗೋಡೆಗೆ ಮಾತ್ರ.

ಸಿವಿಲ್_ಲೆಕ್ಕ
12 ಅಡಿ × 10 ಅಡಿ = 120 ಚದರಡಿ. ಪುಟ್ಟಿ ಎರಡು ಕೋಟಿಗೆ ಕೆಜಿಗೆ 18 ಚದರಡಿ ಹಿಡಿದರೂ ಏಳು ಕೆಜಿ, ಹೊಸ ಗಾರೆ ಜಾಸ್ತಿ ಎಳೆಯುತ್ತೆ, 10 ಕೆಜಿ ತನ್ನಿ. ಪ್ರೈಮರ್ ಒಂದು ಕೋಟಿಗೆ ಒಂದರಿಂದ ಒಂದೂಕಾಲು ಲೀಟರ್. ಬೇಸ್ ಎಮಲ್ಷನ್ ಎರಡು ಕೋಟಿಗೆ ಸುಮಾರು ಎರಡು ಲೀಟರ್. ಮೇಲಿನ ಡಿಸೈನ್ ಕೋಟಿನ ಲೆಕ್ಕ ಡಬ್ಬಿಯ ಮೇಲೆ ನೋಡಿ. ಸ್ಪಂಜಲ್ಲಿ ಒತ್ತುವ ಡಿಸೈನಿಗೆ ಕಡಿಮೆ, ಸ್ಪ್ಯಾಚುಲಾದಲ್ಲಿ ಮೆತ್ತುವ ಡಿಸೈನಿಗೆ ತುಂಬಾ ಜಾಸ್ತಿ. ಎಲ್ಲ ಡಬ್ಬಿಯೂ ಒಂದೇ ಬ್ಯಾಚ್ ನಂಬರಿನದ್ದಿರಲಿ, ಶುರು ಮಾಡುವ ಮೊದಲು ಒಂದೇ ಬಕೆಟ್‌ಗೆ ಸುರಿದು ಕಲಸಿ.

ಬಣ್ಣದಂಗಡಿ
ಏಷ್ಯನ್ ಪೇಂಟ್ಸ್ ಕಂಪನಿಯ ರಾಯಲ್ ಪ್ಲೇ ಇರಲಿ, ಬೇರೆ ಕಂಪನಿಯದ್ದಿರಲಿ, ಮಾಡುವ ಕ್ರಮ ಒಂದೇ: ಪುಟ್ಟಿ, 180 ನಂಬರ್ ಉಜ್ಜುವ ಕಾಗದ, ಮತ್ತೆ 320, ಧೂಳು ಒರೆಸಿ ಪ್ರೈಮರ್, ಬೇಸ್ ಎರಡು ಕೋಟ್, ಒಂದು ರಾತ್ರಿ ಬಿಟ್ಟು ಡಿಸೈನ್. ಎಡವೋದು ಡಿಸೈನ್ ಹೊತ್ತಿನಲ್ಲಿ. ಹಸಿ ಅಂಚು ಒಣಗುವ ಮೊದಲೇ ಪಕ್ಕದ ಜಾಗಕ್ಕೆ ಹೋಗ್ತಾ ಇರಬೇಕು. ಒಬ್ಬ ಬಣ್ಣ ಹಚ್ಚುತ್ತಾ ಹೋದರೆ ಇನ್ನೊಬ್ಬ ಹಿಂದೆಯೇ ಟೂಲ್ ಆಡಿಸಬೇಕು. ಫ್ಯಾನ್ ಆಫ್, ನೇರ ಬಿಸಿಲು ಬೀಳುವ ಕಿಟಕಿಗೆ ಪರದೆ. ಗೋಡೆ ನಡುವೆ ಊಟಕ್ಕೆ ಎದ್ದರೆ ಅಲ್ಲೊಂದು ಗೆರೆ ಶಾಶ್ವತವಾಗಿ ಉಳಿಯುತ್ತೆ.

ಎರೆಮಣ್ಣು
ಒಬ್ಬನ ಕೈಯಾಗ ಟೂಲ್ ಇರ್ಲಿ ಅನ್ನೋದನ್ನೂ ಸೇರಿಸ್ರಿ. ನಡುವ ಕೈ ಬದಲಾತಂದ್ರ ಡಿಸೈನ್ ಬದಲಾಗತೈತಿ.

ಹಂಚಿನ_ಮಾಡು
ಯಾರೂ ಸುಣ್ಣದ ಹೆಸರೇ ಎತ್ತುವುದಿಲ್ಲವಲ್ಲ! ಪ್ಲಾಸ್ಟಿಕ್ ಬಣ್ಣಕ್ಕಿಂತ ಪಾಲಿಶ್ ಮಾಡಿದ ಸುಣ್ಣದ ಗಾರೆ ಹಾಕಿಸಿ. ಗೋಡೆ ಉಸಿರಾಡ್ತದೆ, ಬೂಷ್ಟು ಹಿಡಿಯುವುದಿಲ್ಲ, ತೇವದ ತಾಪತ್ರಯವೇ ಮುಗೀತು. ರಾಜಸ್ಥಾನದವರು ಆರಾಯಿಶ್ ಅಂತ ಇದನ್ನೇ ಅಗೇಟ್ ಕಲ್ಲಲ್ಲಿ ಉಜ್ಜಿ ಕನ್ನಡಿ ಮಾಡ್ತಾರೆ.

ತೂಗುಗುಂಡು
"ತಾಪತ್ರಯವೇ ಮುಗೀತು" ಅನ್ನೋದನ್ನು ಒಪ್ಪಲ್ಲ. ಸುಣ್ಣ ಕ್ಷಾರ ಜಾಸ್ತಿ ಇರೋದರಿಂದ ಹೊಸದರಲ್ಲಿ ಬೂಷ್ಟು ಬೆಳೆಯಲ್ಲ, ಆವಿ ಹೊರಗೆ ಹೋಗೋದರಿಂದ ಬಣ್ಣದ ಹಾಗೆ ಗುಳ್ಳೆ ಏಳಲ್ಲ, ಅಷ್ಟು ನಿಜ. ಹೊರಗಿಂದ ನುಗ್ಗುವ ಮಳೆನೀರನ್ನು ಅದು ತಡೆಯಲ್ಲ. ನೀರು ಬಂದರೆ ಸುಣ್ಣದ ಮೇಲೂ ಕಲೆ ಬೀಳುತ್ತೆ, ಉಪ್ಪು ಬರುತ್ತೆ. ಒಳಗೋಡೆಗೆ ಮಾತ್ರ ನನ್ನ ಒಪ್ಪಿಗೆ ಇದೆ.

ಗಾರೆ_ಕರಣೆ
ಸುಣ್ಣ ಬೇಕು ಅಂದರೆ ಈಗಲೇ ಹೇಳಿ, ಪುಟ್ಟಿ ಹೊಡೆಯೋಕೆ ಮುಂಚೆ. ಪುಟ್ಟಿ, ಪ್ರೈಮರ್ ಆದ ಗೋಡೆ ನೀರು ಎಳೆಯಲ್ಲ, ಸುಣ್ಣ ಅದರ ಮೇಲೆ ಹಿಡಿದು ನಿಲ್ಲಲ್ಲ. ಬರೀ ಒರಟು ಸಿಮೆಂಟ್ ಗಾರೆ ಇರುವ ನಿಮ್ಮ ಗೋಡೆ ಅದಕ್ಕೆ ಚೆನ್ನಾಗಿದೆ.

ಕ್ರಮ ಹೀಗೆ. ಹಿಂದಿನ ದಿನ ಗೋಡೆಯನ್ನು ಚೆನ್ನಾಗಿ ನೆನೆಸಿ. ಮಾರನೆ ದಿನ ಮತ್ತೆ ನೀರು ಚಿಮುಕಿಸಿ, ಮೇಲೆ ನೀರು ಹೊಳೆಯದೆ ಒಳಗೆ ತಂಪಾಗಿರುವಾಗ ಶುರು. ನೀರಲ್ಲೇ ಹಾಕಿಟ್ಟು ಹಣ್ಣಾಗಿಸಿದ ಸುಣ್ಣದ ಮುದ್ದೆ, ಅಮೃತಶಿಲೆಯ ಪುಡಿ. ಮೊದಲ ಕೋಟಿಗೆ ತರಿ ಪುಡಿ, ಎರಡನೆಯದ್ದಕ್ಕೆ ಸಣ್ಣದು, ಕೊನೆಯದ್ದಕ್ಕೆ ಹಿಟ್ಟಿನಷ್ಟು ನುಣುಪು. ಮೂರೂ ಸೇರಿ ಮೂರು ಮಿಲಿಮೀಟರ್ ಆಸುಪಾಸು. ದಪ್ಪ ಮೆತ್ತಿದರೆ ಜೇಡರಬಲೆ ಬಿರುಕು ಗ್ಯಾರಂಟಿ. ಕೊನೆ ಕೋಟ್ ಮೇಲೆ ಬೆರಳಿಟ್ಟರೆ ತಣ್ಣಗಿರಬೇಕು, ಗುರುತು ಬೀಳಬಾರದು, ಆ ಹೊತ್ತಿಗೆ ಕರಣೆ ಒತ್ತಿ ಉಜ್ಜಬೇಕು. ಮುಂಚೆ ಉಜ್ಜಿದರೆ ಕಿತ್ತು ಬರುತ್ತೆ, ತಡವಾದರೆ ಹೊಳಪು ಬರಲ್ಲ. ಸ್ಟೇನ್‌ಲೆಸ್ ಸ್ಟೀಲ್ ಕರಣೆಯೇ ಬೇಕು, ಸಾದಾ ಕಬ್ಬಿಣದ್ದು ಕಪ್ಪು ಗೀರು ಬಿಡುತ್ತೆ. ಬಣ್ಣಕ್ಕೆ ಆಕ್ಸೈಡ್ ಪುಡಿ ಮಾತ್ರ, ಪೇಂಟಿನ ಟ್ಯೂಬ್ ಸ್ಟೈನರ್ ಎಷ್ಟೋ ಸುಣ್ಣದ ಕ್ಷಾರಕ್ಕೆ ಮಾಸಿಹೋಗುತ್ತೆ. ಪೂರ್ತಿ ಒಣಗಿದ ಮೇಲೆ ತೆಳುವಾಗಿ ಮೇಣ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಕಡ್ಡಾಯ, ಹಸಿ ಸುಣ್ಣ ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ.

ಸ್ಪಂಜು_ಬಕೆಟ್
ಇಷ್ಟೆಲ್ಲ ಮಾಡುವ ಕೆಲಸದವರು ಸಿಗಬೇಕಲ್ಲ?

ಗಾರೆ_ಕರಣೆ
ಅದೇ ಕಷ್ಟ. ಸಿಮೆಂಟ್ ಗಾರೆಯವರು, ಪೇಂಟರ್‌ಗಳು ಇಬ್ಬರೂ ಇದನ್ನು ಕಲಿತಿರಲ್ಲ. ಅವರೇ ಮುಗಿಸಿರೋ ಗೋಡೆಯನ್ನು ಹೋಗಿ ನೋಡದೆ ಮುಂಗಡ ಕೊಡಬೇಡಿ, ಫೋಟೋ ನಂಬಬೇಡಿ.

ಎರೆಮಣ್ಣು
ಗೋಡಿ ಬಿರುಕಿನ ಮಾತು ಬಂತಲ್ಲ, ಎರೆ ನೆಲದಾಗ ಮನಿ ಕಟ್ಟಿದವ್ರು ಪಾಲಿಶ್ ಸುಣ್ಣ, ಮೈಕ್ರೋಸಿಮೆಂಟ್ (ತೆಳು ಸಿಮೆಂಟ್ ಲೇಪ) ಎರಡರಿಂದಾನೂ ದೂರ ಇರ್ರಿ. ಎರೆ ಮಳಿಗಾಲಕ್ಕ ಹಿಗ್ಗಿ ಬ್ಯಾಸಿಗಿಗೆ ಕುಗ್ಗತೈತಿ, ತಳಪಾಯ ಗಟ್ಟಿ ಇರ್ಲಿಲ್ಲಂದ್ರ ಕಿಡಕಿ ಮೂಲಿಯಿಂದ ಓರೆ ಬಿರುಕು ಬರತಾವು. ಎರಡು ಮೂರು ಮಿಲಿಮೀಟರ್ ಪದರಿಗೆ ಅದನ್ನ ತಡಕೊಳ್ಳೋ ಶಕ್ತಿ ಇಲ್ರಿ. ಅಲ್ಲಿ ಸಣ್ಣ ತರಿ ಇರೋ ಅಕ್ರಿಲಿಕ್ ಟೆಕ್ಸ್ಚರ್ ಚೊಲೊ, ಕೂದಲೆಳಿ ಬಿರುಕು ಮುಚ್ಚಿಕೊಂಡು ಹೋಗತೈತಿ.

ಸಿವಿಲ್_ಲೆಕ್ಕ
ಮುರಕಲ್ಲಿನ ಮನೆಯಲ್ಲೂ ಕಾಂಕ್ರೀಟ್ ಕಂಬ ಮತ್ತು ಕಲ್ಲು ಸೇರುವ ಗೆರೆ, ವೈರಿಂಗ್‌ಗೆ ಕೊರೆದು ಮುಚ್ಚಿದ ಗೆರೆ ಇವೆರಡು ಬಿಡ್ತವೆ. ಗಾರೆ ಹಾಕುವಾಗಲೇ ಎರಡೂ ಕಡೆಗೆ ಆರಾರು ಇಂಚು ಚಿಕನ್ ಮೆಶ್ (ತಂತಿ ಬಲೆ) ಹೊಡೆದಿದ್ದರೆ ಸರಿ. ಹೊಡೆದಿಲ್ಲದಿದ್ದರೆ ಈಗ ಫೈಬರ್ ಗ್ಲಾಸ್ ಜಾಲರಿ ಟೇಪ್ ಕೂರಿಸಿ ಅದರ ಮೇಲೆ ಮುಂದಿನ ಪದರ.

ರಸ್ಟಿಕ್ ಅನ್ನೋ ದಪ್ಪ ತರಿಯ ಟೆಕ್ಸ್ಚರ್ ಮಾತ್ರ ಮಕ್ಕಳಿರುವ ಮನೆಯೊಳಗೆ ಬೇಡ. ಒಂದೂವರೆ ಮಿಲಿಮೀಟರ್ ತರಿಯದ್ದಕ್ಕೆ ಚದರ ಮೀಟರಿಗೆ ಎರಡರಿಂದ ಎರಡೂವರೆ ಕೆಜಿ ಸಾಮಾನು ಹೋಗುತ್ತೆ, ಮೊಣಕೈ ಉಜ್ಜಿದರೆ ಚರ್ಮ ತರಚುತ್ತೆ, ತರಿಯ ನಡುವೆ ಧೂಳು ಕೂತರೆ ಒದ್ದೆ ಬಟ್ಟೆಗೆ ಬರಲ್ಲ. ಅದು ಹೊರಗೋಡೆಯ ಸಾಮಾನು.

ಕರಾವಳಿ_ಕಿಟಕಿ
ಇಷ್ಟು ಸಿಕ್ಕೀತು ಅಂತ ಅಂದುಕೊಂಡಿರಲಿಲ್ಲ, ತುಂಬಾ ಉಪಕಾರ. ಚಾರ್ಕೋಲ್ ಪ್ಯಾನೆಲ್, ವಾಲ್‌ಪೇಪರ್ ಇವನ್ನು ಪೂರ್ತಿ ಬಿಡುವುದೇ?

ಒಳಾಂಗಣ_ರೇಖೆ
ಪಡು ಗೋಡೆಗೆ ಎರಡೂ ಬೇಡವೇ ಬೇಡ. ಹಿಂದೆ ತೇವ ಸೇರಿದರೆ ಹೊರಗೆ ಕಾಣೋದೇ ಇಲ್ಲ, ವಾಸನೆ ಬಂದ ಮೇಲೆ ಬಿಚ್ಚಿದರೆ ಕಪ್ಪು ಬೂಷ್ಟು. ಚಾರ್ಕೋಲ್ ಅಂತ ಹೆಸರಿದ್ದರೂ ಬಹುತೇಕ ಅದು ಪಾಲಿಸ್ಟೈರೀನ್ ಪ್ಲಾಸ್ಟಿಕ್, ದೇವರ ದೀಪ ಹಚ್ಚುವ ಜಾಗಕ್ಕೆ ಹತ್ತಿರ ಹಾಕಬಾರದು. ಇನ್ನೊಂದು, ಅದರ ಉದ್ದ ಹೆಚ್ಚಾಗಿ ಒಂಬತ್ತೂವರೆ ಅಡಿ. ನಿಮ್ಮದು 10 ಅಡಿ ಗೋಡೆ, ಅರ್ಧ ಅಡಿ ಜೋಡಣೆ ಕಾಣುತ್ತೆ.

ಸಿವಿಲ್_ಲೆಕ್ಕ
ಅವರಿಗೆ ಫಾಲ್ಸ್ ಸೀಲಿಂಗ್ ಇದೆ. ಅದು ಆರು ಇಂಚು ಇಳಿದರೆ ಒಂಬತ್ತೂವರೆಯೇ ಉಳಿಯೋದು, ಕೆಳಗೆ ಸ್ಕರ್ಟಿಂಗ್ ನಾಲ್ಕು ಇಂಚು ಬೇರೆ. ಉದ್ದ ಸಾಕಾಗುತ್ತೆ. 5 ಇಂಚು ಅಗಲದ್ದಾದರೆ 12 ಅಡಿಗೆ 29 ಪಟ್ಟಿ.

ವಾಲ್‌ಪೇಪರ್‌ನಲ್ಲಿ ರೋಲ್ ಲೆಕ್ಕ ತಪ್ಪೋದು ಹೆಚ್ಚು. 21 ಇಂಚು ಅಗಲ, 33 ಅಡಿ ಉದ್ದದ ರೋಲ್‌ಗೆ 57 ಚದರಡಿ ಅಂತ ಬರೆದಿರುತ್ತೆ. 12 ಅಡಿಗೆ ಏಳು ಪಟ್ಟೆ ಬೇಕು. ಸಾದಾ ಕಾಗದದಲ್ಲಿ ಒಂದು ರೋಲ್‌ಗೆ ಮೂರು ಪಟ್ಟೆ, ಮೂರು ರೋಲ್ ಸಾಕು. ಎರಡಡಿಗೊಮ್ಮೆ ಮರುಕಳಿಸುವ ದೊಡ್ಡ ಹೂವಿನದ್ದಾದರೆ ಹೂವು ಕೂಡಿಸೋಕೆ ಕತ್ತರಿಸಿ ಎರಡೇ ಪಟ್ಟೆ ಸಿಗಬಹುದು, ಹಾಗಾದರೆ ನಾಲ್ಕು ರೋಲ್.

ಹಂಚಿನ_ಮಾಡು
ವಿಷಯ ಸ್ವಲ್ಪ ಆಚೆ ಹೋಗ್ತದೆ, ಆದರೂ ಹೇಳಬೇಕು. ನಮ್ಮ ಕರಾವಳಿಯದ್ದೇ ಕಾವಿ ಕಲೆ ಇದೆಯಲ್ಲ. ಉತ್ತರ ಕನ್ನಡ, ಗೋವಾ ಕಡೆಯ ಹಳೇ ದೇವಸ್ಥಾನಗಳ ಗೋಡೆಯಲ್ಲಿ ಕಾಣುವ ಕೆಂಪು ಬಿಳಿ ಚಿತ್ತಾರ. ಚಿಪ್ಪಿನ ಸುಣ್ಣದ ಬಿಳಿ ಗಾರೆ, ಅದರ ಮೇಲೆ ಕಾವಿ ಕಲಸಿದ ತೆಳು ಪದರ. ಅದು ಹಸಿ ಇರುವಾಗಲೇ ಮೊನೆಯಿಂದ ಕೆರೆದರೆ ಕೆಳಗಿನ ಬಿಳಿ ತೋರಿ ಬರ್ತದೆ. ಬಣ್ಣ ಗಾರೆಯೊಳಗೇ ಇರುವುದರಿಂದ ಸಿಪ್ಪೆ ಏಳುವ ಮಾತೇ ಇಲ್ಲ. ಇಡೀ ಗೋಡೆ ಬೇಡ, ನಡುವೆ ಎರಡಡಿ ಪಟ್ಟಿ ಮಾಡಿಸಿದರೂ ಎಷ್ಟು ಚಂದ!

ಮಲೆನಾಡ_ಮಳೆ
ಹಾಗಾದರೆ ಹಸೆ ಚಿತ್ತಾರವನ್ನು ಬಿಡೋದು ಬೇಡ 🙂 ಸಾಗರ, ಸೊರಬ ಕಡೆ ದೀವರ ಮನೆಯ ಹೆಂಗಸರು ಬರೆಯೋದು. ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿ ಅರೆದ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅಕ್ಕಿ ಬಣ್ಣ ತೇವಕ್ಕೆ ನಿಲ್ಲಲ್ಲ, ಕುಂದಾಪುರದಲ್ಲಿ ಗೋಡೆಗೆ ನೇರ ಬರೆಸೋದಕ್ಕಿಂತ ಹಲಗೆ ಮೇಲೆ ಬರೆಸಿ ತೂಗಿಹಾಕಿ. ಬರೆಯುವವರಿಗೆ ಕೂಲಿ ಚೌಕಾಸಿ ಮಾಡದೆ ಕೊಡಿ.

ಬಣ್ಣದಂಗಡಿ
ಮತ್ತೆ ಗೋಡೆಗೆ ಬರೋಣ. ಏನೇ ಆಯ್ಕೆ ಮಾಡಿ, ಮೊದಲು ಸ್ಯಾಂಪಲ್. ಅಂಗಡಿಯ ಪುಸ್ತಕದ ಅಂಗೈಯಗಲದ ತುಂಡು ನೋಡಿ ತೀರ್ಮಾನಿಸಬೇಡಿ, ಸಣ್ಣದರಲ್ಲಿ ಹಿತವಾಗಿ ಕಾಣೋದು 120 ಚದರಡಿಯಲ್ಲಿ ಗದ್ದಲ ಆಗುತ್ತೆ. ಮೂರಡಿ ಚೌಕದ ಪ್ಲೈವುಡ್ ಮೇಲೆ ಪುಟ್ಟಿಯಿಂದ ಹಿಡಿದು ಪೂರ್ತಿ ಮಾಡಿಸಿ, ಅದೇ ಗೋಡೆಗೆ ಒರಗಿಸಿ ಬೆಳಿಗ್ಗೆ, ಸಂಜೆ, ರಾತ್ರಿ ಸ್ಟ್ರಿಪ್ ಬೆಳಕಲ್ಲಿ ನೋಡಿ. ಒಪ್ಪಿಗೆಯಾದರೆ ಹಿಂದುಗಡೆ ಇಬ್ಬರೂ ಸಹಿ ಹಾಕಿ ಇಟ್ಕೊಳ್ಳಿ. ದರ ಮಾತಾಡುವಾಗ ಪುಟ್ಟಿ, ಪ್ರೈಮರ್, ಬೇಸ್ ಸೇರಿಯೋ, ಬರೀ ಡಿಸೈನಿಗೋ ಅಂತ ಬರೆಸ್ಕೊಳ್ಳಿ, ಜಗಳ ಆಗೋದೇ ಅಲ್ಲಿ.

ಕರಾವಳಿ_ಕಿಟಕಿ
ಸರಿ, ಪಡು ಗೋಡೆಗೆ ಪೈಪ್ ಪರೀಕ್ಷೆ, ಹೊರಗೆ ಎಲಾಸ್ಟೋಮೆರಿಕ್, ಒಳಗೆ ಹೊಳಪಿಲ್ಲದ ಸಾದಾ ಬಣ್ಣ. ಮೂಡು ಗೋಡೆಗೆ ಸುಣ್ಣದ ಪಾಲಿಶ್, ಕೆಳಗಿನ ಮೂರೂವರೆ ಅಡಿ ಸಾದಾ. ಸ್ಟ್ರಿಪ್ ಆ ಕಡೆಗೆ. ಕೆಲಸದವರು ಸಿಗದಿದ್ದರೆ ಮಾತ್ರ ಮೆಟಾಲಿಕ್ ಅಲ್ಲದ, ತೆಳು ಬಣ್ಣ ಸವರಿ ಮಾಡುವ ಎರಡು ಬಣ್ಣದ ಕಲರ್‌ವಾಶ್. ಒಂದೇ ಸಂಶಯ: ಆ ಗೋಡೆಯಲ್ಲಿ ಎರಡು ಸ್ವಿಚ್ ಬೋರ್ಡ್, ಒಂದು ಗೋಡೆ ದೀಪದ ಪಾಯಿಂಟ್ ಇದೆ. ಅವು ಮೊದಲೋ, ಗಾರೆ ಮೊದಲೋ?

ತೂಗುಗುಂಡು
ಬಾಕ್ಸ್ ಮೊದಲು, ಪ್ಲೇಟ್ ಕೊನೆಗೆ. ಬಾಕ್ಸಿನ ಬಾಯಿ ಸಿಮೆಂಟ್ ಗಾರೆಗಿಂತ ಮೂರು ಮಿಲಿಮೀಟರ್ ಮುಂದಿರಬೇಕು, ಮುಗಿದ ಸುಣ್ಣಕ್ಕೆ ಸಮ ಬರುತ್ತೆ. ಒಳಗೆ ಕಾಗದ ತುಂಬಿ ಟೇಪ್ ಹಾಕಿ. ದೀಪ, ಗಡಿಯಾರ, ಎಸಿ ಪೈಪ್ ಯಾವುದಕ್ಕೇ ಡ್ರಿಲ್ ಬೇಕಿದ್ದರೂ ಈಗಲೇ ಕೊರೆಸಿ ಪ್ಲಗ್ ಕೂರಿಸಿ, ಆಮೇಲೆ ಕೊರೆದರೆ ಅಂಚು ಚಕ್ಕೆ ಏಳುತ್ತೆ.

ಗಾರೆ_ಕರಣೆ
ಕೆಳಗಿನ ಮೂರೂವರೆ ಅಡಿಗೆ ಪುಟ್ಟಿ ಹೊಡೆಯೋರಿಗೆ ಗೆರೆ ಹಾಕಿ ತೋರಿಸಿ. ಅದಕ್ಕಿಂತ ಮೇಲೆ ಒಂದು ಇಂಚೂ ಪುಟ್ಟಿ ಹೋಗಬಾರದು. ಆ ಗೆರೆಗೆ ಅಂಟಿಸಿದ ಟೇಪನ್ನು ಸುಣ್ಣ ಹಸಿ ಇರುವಾಗಲೇ ಗೋಡೆಗೆ ಓರೆಯಾಗಿ ನಿಧಾನಕ್ಕೆ ಎಳೆದು ತೆಗೀರಿ, ಒಣಗಿದ ಮೇಲೆ ಎಳೆದರೆ ಅಂಚೂ ಜೊತೆಗೆ ಬರುತ್ತೆ.